ಎಂ4ಪಿ ಅಂತಿದ್ದರೆ ಹುಷಾರು: ಹಳೇ ಹಾಡಿನ ಫೈಲುಗಳ ಬಗ್ಗೆ

ಹಳೇ ಹಾರ್ಡ್ ಡಿಸ್ಕಿನಲ್ಲಿ ದುಡ್ಡು ಕೊಟ್ಟು ತಗೊಂಡ ಹಾಡುಗಳಿದ್ದರೆ ಒಂದ್ಸಲ ತೆಗೆದು ನೋಡಿ. ಫೈಲ್ ಹೆಸರಿನ ಕೊನೆಗೆ ಎಂ4ಎ ಅಂತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಎಂ4ಪಿ ಅಂತಿದ್ದರೆ ನಕಲು ತಡೆಯುವ ಡಿಜಿಟಲ್ ಬೀಗ ಬಿದ್ದಿದೆ ಎಂದರ್ಥ. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಕೊಂಡ ಆಪಲ್ ಖಾತೆಯ ಅನುಮತಿ ಇಲ್ಲದೆ ಅದು ಬಾಯಿ ಬಿಡುವುದಿಲ್ಲ.

2003ರಲ್ಲಿ ಆಪಲ್‌ನ ಆನ್‌ಲೈನ್ ಹಾಡಿನ ಅಂಗಡಿ ಐಟ್ಯೂನ್ಸ್ ಶುರುವಾದಾಗ ಇದ್ದದ್ದೆಲ್ಲ ಇಂಥ ಬೀಗದ ಎಎಸಿ (ಎಂಪಿ3ಯಂತೆ ದನಿ ಕುಗ್ಗಿಸಿಡುವ ಒಂದು ಬಗೆ) ಫೈಲುಗಳೇ. ಮೈಕ್ರೋಸಾಫ್ಟ್ ಕಡೆಯ ಅಂಥದೇ ಬಗೆ ಡಬ್ಲ್ಯುಎಂಎ. ತಮಾಷೆ ಅಂದ್ರೆ, 2006ರಲ್ಲಿ ಮೈಕ್ರೋಸಾಫ್ಟ್ ತಂದ ಝೂನ್ ಪ್ಲೇಯರಿನಲ್ಲಿ ಅವರದೇ ಪ್ಲೇಸ್‌ಫಾರ್‌ಶೂರ್ ಎಂಬ ಬೀಗದ ಹಾಡುಗಳು ಓಡಲಿಲ್ಲ! 2009ರಲ್ಲಿ ಐಟ್ಯೂನ್ಸ್ ಮಾರುವ ಹಾಡುಗಳಿಂದ ಬೀಗ ಹೋಯಿತು. ಆದರೆ ಮೊದಲೇ ಕೊಂಡಿದ್ದ ಫೈಲಿನ ಬೀಗ ತಾನಾಗೇ ಬಿಚ್ಚಿಕೊಳ್ಳುವುದಿಲ್ಲ.

ನಾನೂ ಬೀಗದ ಹಾಡು ಕೊಂಡು ಕೆಟ್ಟವನೇ. ಕಂಪ್ಯೂಟರ್ ಬದಲಾಯಿಸಿದೆ, ಅಷ್ಟರಲ್ಲಿ ಮಾರಿದವರು ಬೀಗ ತೆಗೆಯಲು ಅನುಮತಿ ಕೊಡುವ ಲೈಸೆನ್ಸ್ ಸರ್ವರ್ ಮುಚ್ಚಿದ್ದರು. ಫೈಲ್ ಕಣ್ಣೆದುರಿಗಿದೆ, ಒತ್ತಿದರೆ ಬರೀ ಎರರ್.

ಈಗ ಕೊಳ್ಳುವಾಗ ಫ್ಲ್ಯಾಕ್ (ದನಿ ಏನೂ ಕಳೆಯದೆ ಕುಗ್ಗಿಸುವ ಬಗೆ) ಸಿಕ್ಕರೆ ಅದನ್ನೇ ತಗೊಳ್ಳಿ. ಜಾಗ ಜಾಸ್ತಿ ಬೇಕು, ನಿಜ. ಆದರೆ ಅದರಿಂದ ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಉಲ್ಟಾ ಮಾತ್ರ ಮಾಡಬೇಡಿ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಸುಮ್ನೆ ಫೈಲ್ ದಪ್ಪವಾಗುತ್ತದೆ, ಎಂಪಿ3 ಮಾಡುವಾಗ ಕಳೆದುಹೋದ ದನಿ ವಾಪಸ್ ಬರುವುದಿಲ್ಲ.

ಇನ್ನು ಚಂದಾ ಕಟ್ಟಿ ಆ್ಯಪ್‌ನೊಳಗೆ ಇಳಿಸಿಕೊಂಡ ಹಾಡುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಚಂದಾ ನಿಂತರೆ ಅವೂ ನಿಲ್ಲುತ್ತವೆ.