ಬ್ಯಾರಕ್‌ಪುರದ ಸಾಕ್ಷಿಗಳನ್ನು ಶಾಲೆಯ ಅಂಗಳಕ್ಕೆ ತಂದಿದ್ದು

1857ರ ಪಾಠ ಮಾಡುವಾಗ ಮಂಗಲ್ ಪಾಂಡೆ ಕೆಲವೇ ಸಾಲಿನಲ್ಲಿ ಬಂದು ಹೋಗುತ್ತಾನೆ. ಕೊಬ್ಬು ಸವರಿದ ತೋಟಾ, ಒಂದು ಗುಂಡು, ಆಮೇಲೆ ಗಲ್ಲು. ಮಕ್ಕಳು ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ. ಆದರೆ ಅವತ್ತು ಕಲ್ಕತ್ತಾ ಹತ್ತಿರದ ಬ್ಯಾರಕ್‌ಪುರ ದಂಡುಪ್ರದೇಶದಲ್ಲಿ ಇದ್ದ ಸೈನಿಕರು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಗಳು ಇವತ್ತಿಗೂ ಉಳಿದಿವೆ. ಕೊಪ್ಪಳದ ನಮ್ಮ ಪ್ರೌಢಶಾಲೆಯಲ್ಲಿ ನಾನು ಆ ಹೇಳಿಕೆಗಳಿಂದಲೇ ಪಾಠ ಶುರು ಮಾಡುತ್ತೇನೆ.

ಹೇಳಿಕೆಗಳ ಸಾರವನ್ನು ಸರಳ ಕನ್ನಡದಲ್ಲಿ ಚೀಟಿಗಳಲ್ಲಿ ಬರೆದುಕೊಂಡೆ. ಒಂದು ಚೀಟಿಗೆ ಒಬ್ಬ ಸಾಕ್ಷಿ. ಆಮೇಲೆ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದೆವು. ಇದು ಪರೇಡ್ ಮೈದಾನ, ಇದು ಕಾವಲು ಪಡೆ ಇರುವ ಕ್ವಾರ್ಟರ್ ಗಾರ್ಡ್, ಆ ಕಡೆ ಸಿಪಾಯಿಗಳ ವಸತಿ. ಚೀಟಿ ಸಿಕ್ಕವರು ತಮ್ಮ ಜಾಗದಲ್ಲಿ ನಿಲ್ಲಬೇಕು. ಅಲ್ಲಿಂದ ಕಂಡಿದ್ದನ್ನು ಮಾತ್ರ ಹೇಳಬೇಕು. ನಿಯಮ ಇಷ್ಟೇ.

ದಿನ 1857ರ ಮಾರ್ಚ್ 29, ಭಾನುವಾರ. 34ನೇ ಬಂಗಾಳ ಪಲ್ಟಣದ ಮಂಗಲ್ ಪಾಂಡೆ ತುಂಬಿದ ಬಂದೂಕು ಹಿಡಿದು ಬಂದು, ಹೊರಗೆ ಬನ್ನಿ ಎಂದು ಜೊತೆಯವರನ್ನು ಕೂಗುತ್ತಾನೆ. ಸಾರ್ಜೆಂಟ್ ಮೇಜರ್ ಹ್ಯೂಸನ್ ಬರುತ್ತಾನೆ. ಕುದುರೆ ಮೇಲೆ ‘ಬಾ’ (Baugh) ಎಂಬ ಅಧಿಕಾರಿ ಬರುತ್ತಾನೆ. ಗುಂಡು ಕುದುರೆಗೆ ತಗಲುತ್ತದೆ, ಕತ್ತಿ ಹೊರಗೆ ಬರುತ್ತದೆ. ಶೇಖ್ ಪಲ್ಟು ಎಂಬ ಸಿಪಾಯಿ ಪಾಂಡೆಯ ಸೊಂಟ ಹಿಡಿದು ತಡೆಯುತ್ತಾನೆ. ಉಳಿದ ಸಿಪಾಯಿಗಳು ಪಲ್ಟುವಿನ ಮೇಲೇ ಕಲ್ಲು, ಬೂಟು ಎಸೆಯುತ್ತಾರೆ.

ಪಲ್ಟು ಹೇಳಿದ್ದು ನಿಜ ಇರಬಹುದು. ಅವನು ಜೀವದ ಹಂಗು ತೊರೆದು ಮುಂದೆ ಬಂದವನು. ಆದರೆ ಜನರಲ್ ಹಿಯರ್ಸೆ ಅವನನ್ನು ಹವಾಲ್ದಾರ್ ಮಾಡಿದ್ದ ಎಂಬುದನ್ನೂ ಚೀಟಿಯ ಹಿಂಬದಿಯಲ್ಲಿ ಬರೆಯುತ್ತೇನೆ. ಸಾಕ್ಷಿ ಏನು ಕಂಡ ಎಂಬುದರ ಜೊತೆಗೆ ಅವನಿಗೆ ಏನು ಸಿಕ್ಕಿತು, ಏನು ಹೋಯಿತು ಎಂಬುದೂ ಮಕ್ಕಳಿಗೆ ಗೊತ್ತಿರಬೇಕು.

ಜಾಸ್ತಿ ಹೊತ್ತು ಹಿಡಿಯುವುದು ಜಮಾದಾರ್, ಅಂದರೆ ಪಲ್ಟಣದ ಭಾರತೀಯ ಅಧಿಕಾರಿ, ಈಶ್ವರಿ ಪ್ರಸಾದನ ಚೀಟಿ. ಕಾವಲು ಪಡೆ ಅವನ ಕೈಕೆಳಗೆ ಇತ್ತು. ಪಾಂಡೆಯನ್ನು ಹಿಡಿ ಎಂದರೆ, ನಾನೇನು ಮಾಡಲಿ ಎಂಬಂತೆ ಮಾತಾಡಿದ ಎಂದು ಹ್ಯೂಸನ್ ಹೇಳುತ್ತಾನೆ. ಹೆದರಿದನೋ, ಪಾಂಡೆಯ ಪರ ಇದ್ದನೋ? ಒಂದು ಸಲ ಹಿಂದಿನ ಸಾಲಿನ ಹುಡುಗಿ ಎದ್ದು ಕೇಳಿದಳು: "ಸರ್, ಅವ ಸುಮ್ನ ನಿಂತದ್ದು ತಪ್ಪಂದ್ರ, ಉಳಿದವ್ರೂ ಸುಮ್ನ ನಿಂತಿದ್ರಲ್ರೀ?" ಅಷ್ಟಕ್ಕೇ ತರಗತಿ ಎರಡು ಪಾಲಾಯಿತು. ಬೆಲ್ ಹೊಡೆದರೂ ಜಗಳ ಮುಗಿಯಲಿಲ್ಲ. ಕಂಪನಿ ಸರ್ಕಾರ ಮಾತ್ರ ಏಪ್ರಿಲ್ 8ಕ್ಕೆ ಪಾಂಡೆಯನ್ನೂ ಅದೇ ತಿಂಗಳು ಜಮಾದಾರನನ್ನೂ ಗಲ್ಲಿಗೇರಿಸಿತು.

ಪಾಂಡೆಯ ಮಾತು ಬಹಳ ಕಡಿಮೆ. ಭಂಗಿ, ಅಫೀಮು ತಗೊಂಡಿದ್ದೆ ಎಂದ. ಇದರಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದರೆ ಒಬ್ಬರ ಹೆಸರೂ ಹೇಳಲಿಲ್ಲ. ನಶೆಯ ಮಾತನ್ನು ಹಿಡಿದುಕೊಂಡು ಅವನನ್ನು ಸಣ್ಣವನನ್ನಾಗಿ ಮಾಡುವವರಿದ್ದಾರೆ. ನನಗೆ ಆ ಮೌನವೇ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ಇದನ್ನು ಮಕ್ಕಳಿಗೆ ನನ್ನ ಅಭಿಪ್ರಾಯ ಎಂದೇ ಹೇಳುತ್ತೇನೆ.

ಇಷ್ಟಾದ ಮೇಲೆ ನಮ್ಮ ಕೋಟೆಯ ಸರದಿ. 1858ರಲ್ಲಿ ಮುಂಡರಗಿ ಭೀಮರಾಯರು, ಹಮ್ಮಿಗಿ ಕೆಂಚನಗೌಡರು ಕೊಪ್ಪಳದ ಕೋಟೆ ಹಿಡಿದರು. ಕಂಪನಿಯ ಪಡೆ ಮುತ್ತಿತು, ಇಬ್ಬರೂ ಇಲ್ಲೇ ಪ್ರಾಣ ಕೊಟ್ಟರು. ನರಗುಂದದ ದೊರೆ ಬಾಬಾಸಾಹೇಬರು ಕಂಪನಿ ವಿರುದ್ಧ ಎದ್ದಿದ್ದೂ ಅದೇ ದಿನಗಳಲ್ಲಿ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಮತ್ತೆ ಅದೇ ಕೆಲಸ ಕೊಡುತ್ತೇನೆ. ಬಾಗಿಲ ಹತ್ತಿರ ಒಬ್ಬರು, ಮೇಲಿನ ಬುರುಜಿನಲ್ಲಿ ಒಬ್ಬರು, ಕೆಳಗೆ ಮುತ್ತಿದ ಪಡೆಯಲ್ಲಿ ಒಬ್ಬರು. ಇಲ್ಲಿ ಕೊಡಲು ನನ್ನ ಹತ್ತಿರ ಚೀಟಿ ಇರುವುದು ಕೆಳಗಿನವರಿಗೆ ಮಾತ್ರ, ಗೆದ್ದವರ ಕಡೆಯದು. ಒಳಗಿದ್ದವರಿಗೆ ಖಾಲಿ ಹಾಳೆ ಕೊಡುತ್ತೇನೆ. ಕಥೆ ಕಟ್ಟಿ ತುಂಬಬೇಡಿ, ಅವರು ಸಿಕ್ಕರೆ ಏನು ಕೇಳುತ್ತಿದ್ದಿರೋ ಆ ಪ್ರಶ್ನೆ ಬರೆಯಿರಿ ಎನ್ನುತ್ತೇನೆ. ನೀರು ಎಲ್ಲಿಂದ ತರುತ್ತಿದ್ದಿರಿ, ಮನೆಯವರಿಗೆ ಹೇಳಿ ಬಂದಿದ್ದಿರಾ, ಬಾಗಿಲು ಮುರಿದಾಗ ಪಕ್ಕದಲ್ಲಿ ಯಾರಿದ್ದರು ಎಂದು ಬರೆಯುತ್ತಾರೆ. ಆ ಹಾಳೆಗಳನ್ನು ಒಂದು ಫೈಲಿನಲ್ಲಿ ಕೂಡಿಟ್ಟಿದ್ದೇನೆ. ಮುಂದಿನ ವರ್ಷದ ಮಕ್ಕಳು ಅಲ್ಲಿಂದಲೇ ಶುರು ಮಾಡುತ್ತಾರೆ.