ಡಿಕ್ಕಿಯಲ್ಲಿ ತಾಮ್ರದ ಪೈಪು: ಏರ್ ಸಸ್ಪೆನ್ಷನ್‌ಗೆ ಹಾರ್ಡ್‌ಲೈನ್ ಹಾಕಿದ ನನ್ನ ಅನುಭವ

ನನ್ನ ಗಾಲ್ಫ್ ಕಾರಿಗೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗ್ ಬದಲು ಗಾಳಿ ತುಂಬೋ ಬ್ಯಾಗುಗಳು, ಹಾಕಿ ಎರಡು ವರ್ಷ ಆಗಿತ್ತು. ಡಿಕ್ಕಿ ತೆಗೆದರೆ ಗಾಳಿ ಸಾಗಿಸೋ ಕರಿ ನೈಲಾನ್ ಪೈಪುಗಳು ಶಾವಿಗೆ ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವು. ಕೆಲಸಕ್ಕೇನೂ ತೊಂದರೆ ಇರಲಿಲ್ಲ. ಅದರ ಬದಲು ಹಾರ್ಡ್‌ಲೈನ್, ಅಂದರೆ ಲೋಹದ ಪೈಪು, ಹಾಕೋದು ಪೂರ್ತಿ ಶೋಕಿ, ಒಪ್ಪಿಕೊಳ್ತೀನಿ. ಆದರೆ ಮಿಶಿಗನ್ ಚಳಿಗಾಲ ಬಲು ಉದ್ದ, ಗ್ಯಾರೇಜಿನಲ್ಲಿ ಮಾಡೋಕೆ ಏನಾದರೂ ಬೇಕಲ್ವಾ?

ಮೊದಲ ತಪ್ಪು, ಫಿಟಿಂಗ್ ಯೋಚಿಸದೆ ಪೈಪು ಮೊದಲು ತಂದಿದ್ದು. 3/8 ಇಂಚಿನ ಸ್ಟೇನ್‌ಲೆಸ್ ಸ್ಟೀಲ್. ಹಳೆಯ ಪುಶ್-ಟು-ಕನೆಕ್ಟ್ (ಪೈಪು ಒತ್ತಿದರೆ ಸಾಕು, ಕಚ್ಚಿಕೊಳ್ಳೋ) ಫಿಟಿಂಗ್‌ಗೇ ಚುಚ್ಚಿದೆ, ಒಳಗೆ ಹೋಯಿತು, ಗಟ್ಟಿಯಾಗಿ ಕೂತ ಹಾಗೂ ಕಾಣಿಸಿತು, ಗಾಳಿಯ ಒತ್ತಡ 100 ಪಿಎಸ್‌ಐ ದಾಟಿದ ಮೇಲೆ ಟಪ್ ಅಂತ ಈಚೆ ಬಂತು. ಅದರೊಳಗಿನ ಹಲ್ಲುಗಳು ನೈಲಾನ್ ಕಚ್ಚೋಕೆ ಇರೋದು, ಸ್ಟೀಲಿನ ಮೇಲೆ ಜಾರುತ್ತವೆ. ಹಿತ್ತಾಳೆ ಫೆರುಲ್ (ನಟ್ಟು ಬಿಗಿದಾಗ ಪೈಪನ್ನು ಕಚ್ಚಿ ಹಿಡಿಯೋ ಉಂಗುರ) ತಂದರೂ ಅದೇ ಹಾಡು. ಪೈಪು ಮೆತ್ತಗಿರಬೇಕು, ಫೆರುಲ್ ಅದಕ್ಕಿಂತ ಗಟ್ಟಿ ಇರಬೇಕು. ಅಂದರೆ ಸ್ಟೀಲ್ ಪೈಪಿಗೆ ಸ್ಟೀಲಿನದೇ ಜೋಡಿ ಫೆರುಲ್ ಬೇಕು, ಇಲ್ಲವೇ ಪೈಪಿನ ಬಾಯಿಯನ್ನು 37 ಡಿಗ್ರಿ ಅಗಲಿಸಿ ಅದಕ್ಕೆ ಹೊಂದೋ ಎಎನ್ ಅನ್ನೋ ಫಿಟಿಂಗ್ ಹಾಕಬೇಕು. ಎರಡರ ಬೆಲೆಯೂ ನೋಡಿದೆ. ಸ್ಟೀಲ್ ಪೈಪು ಮೂಲೆ ಸೇರಿತು.

ಆಮೇಲೆ ತಾಮ್ರಕ್ಕೆ ಬಂದೆ. ಎಸಿಗೆ ಬಳಸುವ ಮೆತ್ತನೆ ಸುರುಳಿ, 3/8 ಅಂದರೆ ಹೊರಗಿನ ಅಳತೆಯೇ 3/8. ನಲ್ಲಿಯವರ ಟೈಪ್ ಎಲ್ ಪೈಪಿನ ಮೇಲೆ 3/8 ಅಂತಿದ್ದರೆ ಅದರ ಹೊರ ಅಳತೆ 1/2 ಇಂಚು, ಅಂಗಡಿಯಲ್ಲಿ ಮೋಸ ಹೋಗಬೇಡಿ. ಫಿಟಿಂಗ್ ಹಿತ್ತಾಳೆಯ ಜೋಡಿ ಫೆರುಲಿನದು. ನಟ್ಟನ್ನು ಕೈಯಲ್ಲಿ ಆದಷ್ಟು ತಿರುಗಿಸಿ, ಪೆನ್ನಲ್ಲಿ ಗುರುತು ಹಾಕಿ, ಸ್ಪ್ಯಾನರ್‌ನಲ್ಲಿ ಒಂದೂಕಾಲು ಸುತ್ತು. ಇನ್ನೂ ಸ್ವಲ್ಪ ಇರಲಿ ಅಂತ ಬಿಗಿಯೋದು ನಮ್ಮ ಹಳೇ ಚಾಳಿ, ಇಲ್ಲಿ ಬೇಡ.

ಬಗ್ಗಿಸೋದರಲ್ಲೇ ಜಾಸ್ತಿ ಪೈಪು ಹಾಳಾಗಿದ್ದು. ಮೊದಲು ಬಟ್ಟೆ ಹ್ಯಾಂಗರಿನ ತಂತಿ ಬಗ್ಗಿಸಿ ದಾರಿ ನೋಡಿಕೊಂಡೆ, ಅದು ಒಳ್ಳೆಯದೇ ಆಯಿತು. ಆದರೆ ಒಂದು ಕಡೆ ತಿರುವನ್ನು ತುದಿಗೆ ತೀರಾ ಹತ್ತಿರ ತಂದುಬಿಟ್ಟೆ. ತಿರುವಿನ ಹತ್ತಿರ ಪೈಪು ಒಂಚೂರು ಮೊಟ್ಟೆಯಾಕಾರ ಆಗಿರುತ್ತೆ, ಅಲ್ಲಿ ಫೆರುಲ್ ಕೂರಲ್ಲ. ತುದಿಯಲ್ಲಿ ನೇರ ಭಾಗ ಧಾರಾಳವಾಗಿ ಬಿಡಿ. ಬಗ್ಗಿಸಿದ ತಾಮ್ರ ಅಲ್ಲಿ ಗಟ್ಟಿಯಾಗುತ್ತೆ, ಹಿಂದಕ್ಕೆ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಲು ಹೋದರೆ ಸುಕ್ಕು ಬೀಳುತ್ತೆ.

ಮ್ಯಾನಿಫೋಲ್ಡಿನ (ಗಾಳಿಯನ್ನು ಬ್ಯಾಗುಗಳಿಗೆ ಹಂಚೋ ವಾಲ್ವುಗಳ ಬ್ಲಾಕು) ಒಂದು ಎಲ್ಬೋ, ಅಂದರೆ ಮೊಣಕೈ ಫಿಟಿಂಗ್, ಮಾತ್ರ ವಾರ ಪೂರ್ತಿ ಸತಾಯಿಸಿತು. ಎಷ್ಟು ಬಿಗಿದರೂ ಬುಸ್ ಅನ್ನೋದು. ಬಿಚ್ಚಿ ಥ್ರೆಡ್ ಎಣಿಸಿದರೆ ಇಂಚಿಗೆ 19! ಅಮೆರಿಕದ ಪೈಪ್ ಥ್ರೆಡ್ಡಾದ 1/4 ಎನ್‌ಪಿಟಿಗೆ 18 ಇರಬೇಕು, ನನಗೆ ಬಂದಿದ್ದು ಬ್ರಿಟಿಷ್ ಥ್ರೆಡ್. ಎರಡು ಸುತ್ತು ಚೆನ್ನಾಗಿ ಹೋಗುತ್ತೆ, ಆಮೇಲೆ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಗೊತ್ತಾಗಲಿಲ್ಲ. ಬಿಳಿ ಟೇಪೂ ಹಾಕಲಿಲ್ಲ, ಅದರ ಚೂರು ಹೋಗಿ ವಾಲ್ವಿನಲ್ಲಿ ಕೂತರೆ ಕಷ್ಟ. ಪೇಸ್ಟ್ ಹಚ್ಚಿದೆ, ತುದಿಯ ಮೊದಲ ಥ್ರೆಡ್ ಬಿಟ್ಟು.

ಲೋಹ ಡಿಕ್ಕಿಯೊಳಗೆ ಮಾತ್ರ. ಡಿಕ್ಕಿಯ ನೆಲದಲ್ಲಿ ತಗಡನ್ನು ದಾಟಿಸೋ ಬಲ್ಕ್‌ಹೆಡ್ ಫಿಟಿಂಗ್, ಅಲ್ಲಿಂದ ಚಕ್ರದ ಬ್ಯಾಗಿಗೆ ನೈಲಾನೇ, ಯಾಕಂದರೆ ಅದು ಅಲುಗಾಡೋ ಜಾಗ. ಕಂಪ್ರೆಸರ್ ನಡುಗುತ್ತೆ, ಬಿಸಿ ಗಾಳಿ ಬೇರೆ, ಅದಕ್ಕೆ ಹೆಣೆದ ಸ್ಟೀಲಿನ ಹೋಸ್.

ತಾಮ್ರ ಕಪ್ಪಾಯ್ತು ಅಂತ ಫೋನಿನಲ್ಲಿ ಗೊಣಗಿದರೆ ಅಮ್ಮ "ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕೋ, ಹಂಡೆ ಬೆಳಗಲ್ವೇನೋ" ಅಂದರು. ಎರಡೂ ತುದಿಗೆ ಟೇಪ್ ಸುತ್ತಿ ತಿಕ್ಕಿದೆ. ಫಳಫಳ!

ಎಲ್ಲ ಜೋಡಿಸಿ ರಾತ್ರಿ 150 ಪಿಎಸ್‌ಐ ತುಂಬಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ 139. ಸೋಪಿನ ನೀರು ಹಾಕಿದೆ, ಎಲ್ಲೂ ಒಂದು ಗುಳ್ಳೆ ಇಲ್ಲ. ಸ್ಪ್ಯಾನರ್ ಕೈಗೆ ತಗೊಂಡಾಗ ಹೊಳೆಯಿತು, ರಾತ್ರಿ ಹೀಟರ್ ಇತ್ತು, ಗ್ಯಾರೇಜು 20 ಡಿಗ್ರಿ ಸೆಲ್ಸಿಯಸ್, ಈಗ ಸೊನ್ನೆ; ಗಾಳಿ ತಣ್ಣಗಾಗಿ ಒತ್ತಡ ಇಳಿದಿದೆ, ಅಷ್ಟೇ. ಹೀಟರ್ ಹಾಕಿ ಕಾಫಿ ಕುಡಿಯೋಕೆ ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ಮತ್ತೆ 150ಕ್ಕೆ ಬಂದಿತ್ತು.