ಮಿಕ್ಕಿದ ಆಲೂಗಡ್ಡೆ ಪಲ್ಯದಿಂದ ಓವನ್ ಕಟ್ಲೆಟ್

ದೋಸೆಗೆ ಮಾಡಿದ ಆಲೂಗಡ್ಡೆ ಪಲ್ಯ ಮಿಕ್ಕಿದೆಯಾ? ಮರುದಿನ ಸುಮ್ನೆ ಬಿಸಿ ಮಾಡಿ ಬಡಿಸುವ ಬದಲು ಓವನ್‌ನಲ್ಲಿ ಕಟ್ಲೆಟ್ ಮಾಡಿ ನೋಡಿ. ಕರಿಯುವ ಗೋಜೇ ಇಲ್ಲ.

ಪಲ್ಯ ಆರಿದ ಕೂಡಲೇ ಮುಚ್ಚಿ ಫ್ರಿಜ್ಜಿನಲ್ಲಿಡಿ. ರಾತ್ರಿಯೆಲ್ಲಾ ಹೊರಗೆ ಉಳಿದದ್ದು ಮಾತ್ರ ಬೇಡವೇ ಬೇಡ.

ಇಲ್ಲಿ ನೋಡಿಕೊಳ್ಳಬೇಕಾದ್ದು ನೀರಿನಂಶ. ದೋಸೆ ಪಲ್ಯ ಸ್ವಲ್ಪ ಸಡಿಲವಾಗಿಯೇ ಇರುತ್ತದೆ ಅಲ್ವಾ? 2 ಕಪ್ ಪಲ್ಯಕ್ಕೆ ಕಾಲು ಕಪ್ ತೆಳು ಅವಲಕ್ಕಿಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಕಲಸಿ, 10 ನಿಮಿಷ ಬಿಡಿ. ಅವಲಕ್ಕಿ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಮೈದಾ ಹಾಕಿದರೆ ಒಳಗೆ ಅಂಟಂಟಾಗುತ್ತದೆ, ನನಗಂತೂ ಹಿಡಿಸುವುದಿಲ್ಲ. ಉಂಡೆ ಕಟ್ಟಿದಾಗ ಬೆರಳಿಗೆ ಮೆತ್ತದಿದ್ದರೆ ಹದ ಸರಿಯಾಗಿದೆ ಅಂತ. ಒಂದು ಚಿಟಿಕೆ ಉಪ್ಪು ಜಾಸ್ತಿ ಬೇಕಾಗಬಹುದು, ರುಚಿ ನೋಡಿ.

ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ, ಚಿರೋಟಿ ರವೆಯಲ್ಲಿ ಹೊರಳಿಸಿ, ಎರಡೂ ಕಡೆ ಎಣ್ಣೆ ಸವರಿ. ಮೊದಲೇ 200 ಡಿಗ್ರಿಗೆ ಕಾಯಿಸಿದ ಓವನ್‌ನಲ್ಲಿ ಸುಮಾರು 25 ನಿಮಿಷ ಇಡಿ. ನಡುವೆ ಒಮ್ಮೆ ತಿರುವಿ ಹಾಕಿ. ಅಂಚು ಕೆಂಪಗಾಗಿ ರವೆ ಗರಿಗರಿಯಾದರೆ ಆಯ್ತು.

ಓವನ್ ಇಲ್ಲದವರು ದೋಸೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಬಹುದು. ಕಾಯಿ ಚಟ್ನಿ ಜೊತೆ ಬಿಸಿಬಿಸಿಯಾಗಿಯೇ ತಿನ್ನಿ, ಆರಿದರೆ ಮೆತ್ತಗಾಗುತ್ತದೆ.